ತೋಟದ ಕೊಡುಕೊಳೆ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಸೀಮೆಯಲ್ಲಿ ಅಡಿಕೆ ತೋಟವೆಂಬುದು ತಾನೊಂದೇ ನಿಂತಿರುವ ವಸ್ತುವಲ್ಲ. ಎರಡು ಗುಡ್ಡಗಳ ನಡುವಣ ತಗ್ಗಿನಲ್ಲಿ, ಮಳೆಗಾಲದ ನೀರು ಇಳಿದು ಬಂದು ಬೇಸಿಗೆಯ ಬಹುಭಾಗದವರೆಗೂ ನೆಲದೊಳಗೆ ತೇವವಾಗಿ ಉಳಿಯತಕ್ಕ ಸ್ಥಳದಲ್ಲಿ ತೋಟ. ಅದರ ಅಂಚಿನಲ್ಲಿ, ತುಸು ಎತ್ತರದ ನೆಲದ ಮೇಲೆ, ಮನೆ, ಕೊಟ್ಟಿಗೆ, ಗೊಬ್ಬರದ ಗುಂಡಿ. ಮನೆಯ ಬೆನ್ನಿಗೆ ಏರುತ್ತ ಹೋಗುವ ಸೊಪ್ಪಿನ ಬೆಟ್ಟ. ಅದಕ್ಕೂ ಆಚೆಗೆ, ಕೊಡಲಿ ಹಾಕಲು ಜನ ಹಿಂಜರಿಯುತ್ತಿದ್ದ ದೇವರ ಕಾನು. ಈ ವಿನ್ಯಾಸವನ್ನು ಯಾವ ಸ್ಥಪತಿಯೂ ಕಾಗದದ ಮೇಲೆ ಬರೆದುಕೊಟ್ಟವನಲ್ಲ. ಆದರೂ ಇದರಲ್ಲಿ ಅಚ್ಚುಕಟ್ಟಾದ ಒಂದು ಯುಕ್ತಿ ಅಡಗಿದೆ. ಸೊಪ್ಪು ಬೆಟ್ಟದಿಂದ ಕೊಟ್ಟಿಗೆಗೆ ಇಳಿಯುತ್ತದೆ, ಕೊಟ್ಟಿಗೆಯಿಂದ ಗುಂಡಿಗೆ ಇಳಿಯುತ್ತದೆ, ಗುಂಡಿಯಿಂದ ಗೊಬ್ಬರವಾಗಿ ತೋಟಕ್ಕೆ ಇಳಿಯುತ್ತದೆ; ಹೊರುವವರ ತಲೆಯ ಮೇಲಿನ ಭಾರವೆಲ್ಲ ಇಳಿಜಾರಿನಲ್ಲಿಯೇ ಸಾಗುವುದಲ್ಲದೆ, ತೋಟದಿಂದ ಏರು ಹತ್ತಿ ಮೇಲಕ್ಕೆ ಬರತಕ್ಕದ್ದು ಕೊಯ್ದ ಫಸಲು ಮಾತ್ರ.

ಕೊಟ್ಟಿಗೆಯಲ್ಲಿ ನಡೆಯುವ ಕಾರ್ಯವನ್ನು ಸ್ವಲ್ಪ ನಿಧಾನವಾಗಿ ನೋಡತಕ್ಕದ್ದು. ಮಳೆಗಾಲದಲ್ಲಿ ಮತ್ತಿ, ಹೊನ್ನೆ, ಹೊನಗಲುಗಳ ಹಸಿಸೊಪ್ಪನ್ನೂ, ಬೇಸಿಗೆಯಲ್ಲಿ ಬೆಟ್ಟದಿಂದ ಗುಡಿಸಿ ತಂದ ದರಕನ್ನೂ, ಅಂದರೆ ಒಣ ಎಲೆಯನ್ನೂ, ದನಗಳ ಕಾಲಡಿಗೆ ಹಾಸುತ್ತಾರೆ. ದನವು ಅದನ್ನು ತುಳಿದು ನುಗ್ಗುಮಾಡುತ್ತದೆ. ಸಗಣಿ ಗಂಜಲಗಳು ಅದರೊಳಗೆ ಇಂಗುತ್ತವೆ. ದಿನದಿನದ ಹಾಸು ಗುಂಡಿಯನ್ನು ಸೇರಿ ಕೆಲವು ತಿಂಗಳಲ್ಲಿ ಕಪ್ಪಗೆ ಹದವಾದ ಗೊಬ್ಬರವಾಗುತ್ತದೆ. ಎಲೆಯಲ್ಲಿ ಇಂಗಾಲದ ಅಂಶ ಬಹಳ, ಗಂಜಲದಲ್ಲಿ ಸಾರಜನಕದ ಅಂಶ ಬಹಳ. ಇವೆರಡೂ ಸುಮಾರು ಮೂವತ್ತಕ್ಕೆ ಒಂದರ ಪ್ರಮಾಣದಲ್ಲಿ ಕೂಡಿದಾಗ ಕಳಿಯುವ ಕ್ರಿಯೆಯು ಚೆನ್ನಾಗಿ ನಡೆಯುವುದೆಂದು ಮಣ್ಣಿನ ಶಾಸ್ತ್ರಜ್ಞರು ಹೇಳುತ್ತಾರೆ. ಕೊಟ್ಟಿಗೆಯ ಹೆಂಗಸರು ಈ ಪ್ರಮಾಣವನ್ನು ಅಂಕೆಯಲ್ಲಿ ಬಲ್ಲವರಲ್ಲ, ಕಾಲಿನ ಕೆಳಗಿನ ಹಸಿಯಿಂದಲೂ ಮೂಗಿಗೆ ತಾಗುವ ವಾಸನೆಯಿಂದಲೂ ಬಲ್ಲರು. ಮಲೆನಾಡಿನ ಗಿಡ್ಡ ತಳಿಯ ಹಸು ಹೊತ್ತಿಗೆ ಒಂದು ಲೀಟರಿನಷ್ಟು ಹಾಲು ಕೊಟ್ಟರೆ ಅದೇ ಹೆಚ್ಚು. ಆದರೂ ಒಂದೊಂದು ಮನೆಯಲ್ಲಿ ಹತ್ತಾರು ದನಗಳನ್ನು ಸಾಕುತ್ತಿದ್ದುದು ಗೊಬ್ಬರಕ್ಕೋಸ್ಕರ, ಹಾಲು ಅದರೊಡನೆ ಬಂದ ಲಾಭ.

ಈ ಗೊಬ್ಬರವನ್ನುಂಡ ತೋಟವಾದರೂ ಅಡಿಕೆಯೊಂದರಿಂದಲೇ ತುಂಬಿದುದಲ್ಲ. ಮರದ ಕಾಂಡವನ್ನು ತಬ್ಬಿ ಮೆಣಸಿನ ಬಳ್ಳಿಯು ಏರುತ್ತದೆ, ನಡುವೆ ಬಾಳೆ, ಅದರ ನೆರಳಿನಲ್ಲಿ, ನೆರಳಿಲ್ಲದೆ ಬಾಳಲಾರದ ಏಲಕ್ಕಿ, ಮರದಿಂದ ಬಿದ್ದ ಸೋಗೆಯು ನೆಲಕ್ಕೆ ಹೊದಿಕೆ. ಒಂದೇ ನೆಲದ ಮೇಲೆ ಬಿಸಿಲನ್ನು ಮೂರು ನಾಲ್ಕು ಅಂತಸ್ತುಗಳಲ್ಲಿ ಹಂಚಿಕೊಳ್ಳುವ ಇಂತಹ ತೋಟಗಳನ್ನು ೧೮೦೦-೦೧ರಲ್ಲಿ ಮೈಸೂರು, ಕೆನರಾ ಸೀಮೆಗಳನ್ನು ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಕಂಡು ತನ್ನ ಪ್ರವಾಸಗ್ರಂಥದಲ್ಲಿ ವರ್ಣಿಸಿದ್ದಾನೆ. ಮುಂದೆ ಉತ್ತರ ಕನ್ನಡವು ೧೮೬೨ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿ, ಅರಣ್ಯಗಳ ಮೇಲೆ ಸರಕಾರದ ಹಕ್ಕು ಬಿಗಿಯಾದಾಗ, ಘಟ್ಟದ ಮೇಲಿನ ತೋಟಿಗರಿಗೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟವನ್ನು ಬಳಸುವ ಸೌಲಭ್ಯ ದೊರೆಯಿತು. ಒಂದಕ್ಕೆ ಒಂಬತ್ತು ಎಂಬ ಈ ಪ್ರಮಾಣವನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ; ಈ ವಿಷಯದಲ್ಲಿ ನನಗೆ ಹೇಳಬೇಕಾಗಿರುವ ಮುಖ್ಯವಾದ ಮಾತೆಲ್ಲ ಅದರ ಸುತ್ತಲೇ ಇದೆ.

ಈ ಹಳೆಯ ವಿನ್ಯಾಸವನ್ನು ನೆನಪಿಗೆ ತರುವ, ಈಗ ಪರ್ಮಾಕಲ್ಚರ್ ಎಂಬ ಹೆಸರಿನಿಂದ ನಗರಗಳ ವಿದ್ಯಾವಂತರಲ್ಲಿ ಪ್ರಚಾರಕ್ಕೆ ಬಂದಿರುವ ಶಾಶ್ವತ ಕೃಷಿಯ ವಿಚಾರವು ಹುಟ್ಟಿದುದು ಇಲ್ಲಿಂದ ಬಹುದೂರದ ಟಾಸ್ಮೇನಿಯಾ ದ್ವೀಪದಲ್ಲಿ. ೧೯೨೮ರಲ್ಲಿ ಅಲ್ಲಿನ ಸ್ಟ್ಯಾನ್ಲಿ ಎಂಬ ಕಡಲತೀರದ ಊರಿನಲ್ಲಿ ಜನಿಸಿದ ಬಿಲ್ ಮಾಲಿಸನ್, ಚಿಕ್ಕಂದಿನಲ್ಲಿಯೇ ಶಾಲೆಯನ್ನು ಬಿಟ್ಟು, ಮೀನುಗಾರನಾಗಿ, ಕಾಡಿನ ಕೆಲಸಗಾರನಾಗಿ, ಬಳಿಕ ಸರಕಾರದ ವನ್ಯಜೀವಿ ಸಂಶೋಧನ ವಿಭಾಗದಲ್ಲಿ ನೌಕರನಾಗಿ ಬಹುಕಾಲ ಅರಣ್ಯದಲ್ಲಿ ಅಲೆದವನು. ಕಾಡಿನಲ್ಲಿ ಉಳುವವನೂ ಗೊಬ್ಬರ ಹಾಕುವವನೂ ಇಲ್ಲದೆಯೇ ಸಮೃದ್ಧಿ ಇರುವುದೂ, ಹೊಲದಲ್ಲಿ ಇವರೆಲ್ಲರೂ ಇದ್ದು ಮಣ್ಣು ವರ್ಷೇ ವರ್ಷೇ ಬಡವಾಗುವುದೂ ಅವನನ್ನು ಚಿಂತೆಗೆ ಹಚ್ಚಿದವು. ಟಾಸ್ಮೇನಿಯಾದಲ್ಲಿ ವಿದ್ಯುತ್ತಿಗಾಗಿ ಕಟ್ಟಿದ ಅಣೆಕಟ್ಟುಗಳಿಂದ ಪೆಡರ್ ಸರೋವರವು ೧೯೭೨ರಲ್ಲಿ ಮುಳುಗಿಹೋದ ದುಃಖವೂ, ಮರುವರ್ಷವೇ ತೈಲದ ಬೆಲೆ ಜಗತ್ತಿನಾದ್ಯಂತ ಏರಿದ ಆತಂಕವೂ ವಾತಾವರಣದಲ್ಲಿ ತುಂಬಿದ್ದ ಕಾಲವದು. ೧೯೭೪ರಲ್ಲಿ ಹೋಬಾರ್ಟಿನ ವಿದ್ಯಾರ್ಥಿಯಾದ ಡೇವಿಡ್ ಹೋಮ್‌ಗ್ರೆನ್ ಎಂಬ ತರುಣನು ಅವನಿಗೆ ಜೊತೆಯಾದನು. ಇಬ್ಬರ ಚರ್ಚೆಯ ಫಲವಾಗಿ ೧೯೭೮ರಲ್ಲಿ 'ಪರ್ಮಾಕಲ್ಚರ್ ಒನ್' ಎಂಬ ಪುಸ್ತಕವು ಪ್ರಕಟವಾಯಿತು.

ಅವರು ಬರಿದಾದ ಆಕಾಶದಿಂದ ವಿಚಾರವನ್ನು ಇಳಿಸಿದವರಲ್ಲ. ಅಮೆರಿಕದ ಮಣ್ಣುವಿಜ್ಞಾನಿ ಎಫ್. ಎಚ್. ಕಿಂಗ್ ಚೀನಾ, ಕೊರಿಯಾ, ಜಪಾನುಗಳ ರೈತರು ನಾಲ್ಕು ಸಾವಿರ ವರ್ಷ ಒಂದೇ ನೆಲವನ್ನು ಸಾಗುಮಾಡಿಯೂ ಸಾರವನ್ನು ಉಳಿಸಿಕೊಂಡ ಬಗೆಯನ್ನು ಬರೆದ ಗ್ರಂಥವು ೧೯೧೧ರಲ್ಲಿಯೇ ಬಂದಿತ್ತು. ನಮ್ಮ ದೇಶದ ಇಂದೋರಿನಲ್ಲಿ ಆಲ್ಬರ್ಟ್ ಹೋವಾರ್ಡ್, ಇಲ್ಲಿಯ ಒಕ್ಕಲಿಗರನ್ನೇ ಗುರುಗಳೆಂದು ಭಾವಿಸಿ, ಕಸ ಸಗಣಿಗಳನ್ನು ಪದರಪದರವಾಗಿ ಹಾಕಿ ಗೊಬ್ಬರ ಮಾಡುವ ಕ್ರಮವನ್ನು ಶಾಸ್ತ್ರೀಯವಾಗಿ ರೂಪಿಸಿ ೧೯೩೧ರಲ್ಲಿ ಪ್ರಕಟಿಸಿದ್ದನು. ಇಂಗ್ಲೆಂಡಿನ ಶ್ರಾಪ್‌ಶೈರಿನಲ್ಲಿ ಎಕರೆಯ ಎಂಟನೆಯ ಒಂದಂಶದಷ್ಟು ನೆಲದಲ್ಲಿ ಏಳು ಅಂತಸ್ತಿನ ಕಾಡುತೋಟವನ್ನು ಬೆಳೆಸಿ ಹೆಸರುವಾಸಿಯಾದ ರಾಬರ್ಟ್ ಹಾರ್ಟನಂತೂ ತನಗೆ ಸ್ಫೂರ್ತಿ ಕೊಟ್ಟವುಗಳಲ್ಲಿ ಕೇರಳದ ಮನೆತೋಟಗಳನ್ನು ಹೆಸರಿಸಿದ್ದಾನೆ.

ಮಾಲಿಸನ್, ಹೋಮ್‌ಗ್ರೆನ್‌ರ ವಿಶೇಷವಿರುವುದು ಹೊಸ ಬೆಳೆಯಲ್ಲಿ ಅಥವಾ ಹೊಸ ಗೊಬ್ಬರದಲ್ಲಿ ಅಲ್ಲ, ವಸ್ತುಗಳನ್ನು ಎಲ್ಲೆಲ್ಲಿ ಇರಿಸಬೇಕೆಂಬ ವಿವೇಚನೆಯಲ್ಲಿ. ಮನೆಯನ್ನು ಸೊನ್ನೆಯೆಂದು ಎಣಿಸಿ, ದಿನಕ್ಕೆ ಹಲವು ಸಲ ಕೈಹಾಕಬೇಕಾದ ಸೊಪ್ಪು ತರಕಾರಿಗಳಿಗೆ ಬಾಗಿಲ ಬಳಿಯ ಒಂದನೆಯ ವಲಯವನ್ನೂ, ಹಣ್ಣಿನ ಮರಗಳಿಗೂ ಕೋಳಿಗಳಿಗೂ ಎರಡನೆಯದನ್ನೂ, ಹೊಲಗದ್ದೆಗಳಿಗೆ ಮೂರನೆಯದನ್ನೂ, ಸೌದೆ ಮೇವುಗಳ ಅರೆಗಾಡಿಗೆ ನಾಲ್ಕನೆಯದನ್ನೂ, ಮನುಷ್ಯನು ಏನನ್ನೂ ಮಾಡದೆ ನೋಡಿ ಕಲಿಯತಕ್ಕ ಕಾಡಿಗೆ ಐದನೆಯದನ್ನೂ ಅವರು ಗೊತ್ತುಮಾಡಿದರು. ಕರಿಬೇವಿನ ಗಿಡವು ಅಡಿಗೆಮನೆಯ ಬಾಗಿಲಿನಿಂದ ಐವತ್ತು ಹೆಜ್ಜೆ ದೂರದಲ್ಲಿದ್ದರೆ ಒಗ್ಗರಣೆಯು ಸೀದುಹೋಗುವುದೆಂಬುದನ್ನು ಯಾವ ಗೃಹಿಣಿಗೂ ಪಾಠಮಾಡಿ ತಿಳಿಸಬೇಕಾಗಿಲ್ಲವಷ್ಟೆ! ಪ್ರತಿಯೊಂದು ವಸ್ತುವೂ ಹಲವು ಕೆಲಸಗಳನ್ನು ಮಾಡಬೇಕು, ಪ್ರತಿಯೊಂದು ಅಗತ್ಯವೂ ಹಲವು ಮೂಲಗಳಿಂದ ಪೂರೈಕೆಯಾಗಬೇಕು ಎಂಬುದು ಅವರ ಮತ್ತೊಂದು ಸೂತ್ರ. ಇವೆಲ್ಲಕ್ಕೂ ಆಧಾರವಾಗಿ ಮೂರು ಧರ್ಮಗಳನ್ನು ಹೇಳಿದರು: ನೆಲದ ಪಾಲನೆ, ಜನರ ಪಾಲನೆ, ಮತ್ತು ತನ್ನ ಬಳಕೆಗೆ ಮಿತಿ ಹಾಕಿಕೊಂಡು ಮಿಕ್ಕುದನ್ನು ಹಂಚುವುದು. ಮೊದಲನೆಯ ಎರಡನ್ನು ಎಲ್ಲರೂ ಸಂತೋಷದಿಂದ ಒಪ್ಪುತ್ತಾರೆ. ಮೂರನೆಯದರ ಮಾತು ಬಂದಾಗ ಸಭೆಯಲ್ಲಿ ಸ್ವಲ್ಪ ಮೌನವಾಗುತ್ತದೆ.

ಮಾಲಿಸನ್ ೧೯೮೭ರಲ್ಲಿ ಭಾರತಕ್ಕೆ ಬಂದು ಹೈದರಾಬಾದಿನ ಸೀಮೆಯಲ್ಲಿ ಪಾಠ ಹೇಳಿದನು. ಮೂವತ್ತು ವರ್ಷಗಳ ತರುವಾಯ, ೨೦೧೭ರಲ್ಲಿ, ಅದೇ ಸೀಮೆಯಲ್ಲಿ ಪರ್ಮಾಕಲ್ಚರಿನ ಅಂತರರಾಷ್ಟ್ರೀಯ ಸಮ್ಮೇಳನವೂ ನಡೆಯಿತು. ಅಷ್ಟರಲ್ಲಿ ಅವನು ತೀರಿಕೊಂಡು ಒಂದು ವರ್ಷ ಕಳೆದಿತ್ತು.

ಸೊನ್ನೆಯಿಂದ ಐದರವರೆಗಿನ ಆ ವಲಯಗಳನ್ನು ಓದಿದ ಮಲೆನಾಡಿಗನು ಮನೆ, ಹಿತ್ತಲು, ತೋಟ, ಗದ್ದೆ, ಸೊಪ್ಪಿನ ಬೆಟ್ಟ, ದೇವರ ಕಾನು ಎಂದು ಬೆರಳು ಮಡಿಚಿ ಎಣಿಸಿ, ಇದೆಲ್ಲ ನಮ್ಮ ಹಿರಿಯರಿಗೆ ಎಂದೋ ತಿಳಿದಿತ್ತೆಂದು ಮೀಸೆ ತಿರುವುವುದು ಸಹಜ. ಆ ಹೆಮ್ಮೆಯಲ್ಲಿ ಸತ್ಯಾಂಶ ಇಲ್ಲವೆಂದು ನಾನು ಹೇಳಲಾರೆ. ಆದರೆ ಒಂದಕ್ಕೆ ಒಂಬತ್ತು ಎಂಬ ಲೆಕ್ಕವನ್ನು ಮರೆತು ಹೆಮ್ಮೆಪಡುವುದು ನ್ಯಾಯವಲ್ಲ. ಒಂದು ಎಕರೆಯ ಹಸಿರು ತಂಪಿಗಾಗಿ ಒಂಬತ್ತು ಎಕರೆಯ ಎಲೆ ಪ್ರತಿವರ್ಷ ಕೆಳಗಿಳಿಯುತ್ತಿತ್ತು. ಬೆಟ್ಟಕ್ಕೆ ಮರಳಿ ಹೋಗುತ್ತಿದ್ದುದು ಏನು? ಮೇಯಲು ಹೋದ ದನಗಳ ಸಗಣಿಯನ್ನು ಬಿಟ್ಟರೆ ಹೇಳಿಕೊಳ್ಳುವಂತಹದು ಏನೂ ಇಲ್ಲ. ವಿವೇಕಿಯಾದ ತೋಟಿಗನು ಮರದ ತುದಿಯನ್ನು ಉಳಿಸಿ, ವರ್ಷ ಬಿಟ್ಟು ವರ್ಷ ಸೊಪ್ಪು ಕಡಿದು ಬೆಟ್ಟವನ್ನು ಕಾಪಾಡಿದನು. ಅವಸರದವನ ಬೆಟ್ಟವು ಬೋಳುಗಂಬಗಳ ಸಾಲಾಗಿ, ದರಕನ್ನು ಕೊನೆಯ ಎಲೆಯವರೆಗೂ ಗುಡಿಸಿದ ಮೇಲೆ ಮಳೆಯ ಹೊಡೆತಕ್ಕೆ ಮೇಲ್ಮಣ್ಣನ್ನು ಕಳೆದುಕೊಂಡು, ಕಲ್ಲುನೆಲವಾಯಿತು. ಅಲ್ಲದೆ ಆ ಸೊಪ್ಪಿನ ಹೊರೆಯನ್ನು ಹೊತ್ತವರು ಯಾರು? ತೋಟದ ಪಹಣಿಯಲ್ಲಿ ಹೆಸರಿದ್ದವರು ಅಪರೂಪ. ಹೆಸರಿಲ್ಲದ ಕೂಲಿಯವರು, ಅವರಲ್ಲಿಯೂ ಹೆಂಗಸರು, ಬಹುತೇಕ. ಜನರ ಪಾಲನೆಯೆಂಬ ಎರಡನೆಯ ಧರ್ಮವನ್ನು ನಮ್ಮ ಹಳೆಯ ತೋಟವು ಪಾಲಿಸಿತೆಂದು ಹೇಳಲು ನನ್ನ ಲೇಖನಿ ಒಪ್ಪುವುದಿಲ್ಲ.

ಹೊರಗಿನಿಂದ ಏನನ್ನೂ ತರಿಸಿಕೊಳ್ಳದ ಸ್ವಯಂಪೂರ್ಣ ತೋಟವೆಂಬ ಮಾತೂ ಸ್ವಲ್ಪ ಅಲಂಕಾರದ್ದೇ. ಮಳೆಗಾಲದಲ್ಲಿ ಅಡಿಕೆಯ ಎಳೆಗಾಯಿಗಳನ್ನು ಉದುರಿಸುವ ಕೊಳೆರೋಗಕ್ಕೆ ಹಿಂದೆ ಹಾಳೆಯಿಂದ ಮಾಡಿದ ಕೊಟ್ಟೆಯನ್ನು ಗೊನೆಗೊನೆಗೆ ಕಟ್ಟುತ್ತಿದ್ದರು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ೧೯೧೦ರ ಸುಮಾರಿನಲ್ಲಿ ಆ ರೋಗದ ಕಾರಣವನ್ನು ಶೋಧಿಸಿ, ಮೈಲುತುತ್ತ ಮತ್ತು ಸುಣ್ಣ ಬೆರೆತ ಬೋರ್ಡೋ ದ್ರಾವಣವನ್ನು ರೂಢಿಗೆ ತಂದ ಮೇಲೆ, ಮಲೆನಾಡಿನ ತೋಟಗಳ ಮೇಲೆ ಪ್ರತಿ ಮಳೆಗಾಲವೂ ತಾಮ್ರ ಬೀಳುತ್ತಿದೆ. ಅದಿಲ್ಲದೆ ಫಸಲು ಉಳಿಯುವುದು ಕಷ್ಟವೆಂಬುದು ನಿಜ. ಬಿದ್ದ ತಾಮ್ರವು ಮಣ್ಣಿನಲ್ಲಿಯೇ ಸಂಚಯವಾಗುವುದೂ ನಿಜ. ಆದುದರಿಂದ ಪದ್ಧತಿಯು ಹಳೆಯದೋ ಹೊಸದೋ ಎಂದು ಕೇಳುವುದಕ್ಕಿಂತ, ಯಾವುದು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ, ಹೋದುದಕ್ಕೆ ಪ್ರತಿಯಾಗಿ ಏನು ಮರಳುತ್ತದೆ ಎಂದು ಕೇಳುವುದು ಹೆಚ್ಚು ಪ್ರಯೋಜನಕಾರಿ. ಈ ಪ್ರಶ್ನೆಯನ್ನು ಒಂಬತ್ತು ಎಕರೆ ಬೆಟ್ಟವುಳ್ಳವನಿಗೆ ಹೇಗೋ ಹಾಗೆಯೇ ಮೂವತ್ತು ನಲವತ್ತರ ನಿವೇಶನದಲ್ಲಿ ಮನೆ ಕಟ್ಟಿಕೊಂಡಿರುವ ಬೆಂಗಳೂರಿನವನಿಗೂ ಕೇಳಬಹುದು.

ಕೇಳಿ ನೋಡೋಣ. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು ೯೭೦ ಮಿಲಿಮೀಟರ್ ಮಳೆ ಬೀಳುತ್ತದೆ. ಸಾವಿರ ಚದರಡಿಯ ತಾರಸಿಯ ಮೇಲೆ ಇದು ತೊಂಬತ್ತು ಸಾವಿರ ಲೀಟರು. ಆರಿಹೋಗುವ, ಸಿಡಿದುಹೋಗುವ, ಮೊದಲ ಮಳೆಯ ಕೊಳೆಯೊಡನೆ ಬಿಟ್ಟುಬಿಡಬೇಕಾದ ಭಾಗವನ್ನು ಕಳೆದರೂ ಎಪ್ಪತ್ತು ಎಪ್ಪತ್ತೈದು ಸಾವಿರ ಲೀಟರು ದಕ್ಕಬಹುದು. ನಗರದ ಲೆಕ್ಕಾಚಾರದಲ್ಲಿ ತಲೆಗೆ ದಿನಕ್ಕೆ ೧೩೫ ಲೀಟರೆಂದು ಹಿಡಿಯುವುದರಿಂದ, ನಾಲ್ಕು ಜನರ ಸಂಸಾರಕ್ಕೆ ಅದು ನಾಲ್ಕು ನಾಲ್ಕೂವರೆ ತಿಂಗಳ ನೀರು. ಈ ನೀರು ತಾನಾಗಿ ತಲೆಯ ಮೇಲೆ ಬಂದು ಬಿದ್ದು, ಚರಂಡಿಯನ್ನು ಸೇರುತ್ತಿರುವಾಗಲೇ, ಕಾವೇರಿಯನ್ನು ಸುಮಾರು ನೂರು ಕಿಲೋಮೀಟರ್ ದೂರದಿಂದ, ಬೆಟ್ಟದಷ್ಟು ಎತ್ತರಕ್ಕೆ, ಹಗಲಿರುಳು ವಿದ್ಯುತ್ತನ್ನು ಸುಟ್ಟು ಎತ್ತಿ ತರುತ್ತಿದ್ದೇವೆ. ಮಳೆನೀರಿನ ಸಂಗ್ರಹವನ್ನು ಕಡ್ಡಾಯಗೊಳಿಸಿದ ಕಾಯಿದೆಯು ೨೦೦೯ರಲ್ಲಿಯೇ ಬಂದಿದೆ. ಮಳೆಯೆಲ್ಲ ಕೆಲವೇ ತಿಂಗಳಲ್ಲಿ ಸುರಿಯುವುದರಿಂದ ಅಷ್ಟನ್ನೂ ತೊಟ್ಟಿಯಲ್ಲಿ ಹಿಡಿದಿಡುವುದು ಅಸಾಧ್ಯ. ಹಿಡಿದು ಮಿಕ್ಕುದನ್ನು, ಮೂರಡಿ ಅಗಲ, ಇಪ್ಪತ್ತಡಿ ಆಳದ ಒಂದು ಇಂಗುಬಾವಿಗೆ ಇಳಿಸಬೇಕು. ತಲೆತಲಾಂತರದಿಂದ ಬಾವಿ ತೋಡುವುದರಲ್ಲಿ ನಿಪುಣರಾದ ಮಣ್ಣು ಒಡ್ಡರಿಗೆ ಕೊಳವೆಬಾವಿಯ ಯಂತ್ರ ಬಂದ ಮೇಲೆ ತಪ್ಪಿಹೋದ ಕಸುಬು, ಈ ಇಂಗುಬಾವಿಗಳ ಮೂಲಕ ಅಷ್ಟಿಷ್ಟು ಮರಳಿ ದೊರೆತಿರುವುದು ಸಂತೋಷದ ಸಂಗತಿ.

೨೦೨೪ರ ಬೇಸಿಗೆಯಲ್ಲಿ ಸಾವಿರಾರು ಕೊಳವೆಬಾವಿಗಳು ಬತ್ತಿದಾಗ, ಕುಡಿಯುವ ನೀರನ್ನು ಗಾಡಿ ತೊಳೆಯುವುದಕ್ಕೂ ಕೈತೋಟಕ್ಕೂ ಬಳಸಿದವರಿಗೆ ಐದು ಸಾವಿರ ರೂಪಾಯಿ ದಂಡವೆಂದು ಜಲಮಂಡಳಿಯು ಸಾರಿತು. ಕೈತೋಟದ ಪ್ರೇಮಿಗಳು ನೊಂದುಕೊಂಡರು. ನನಗನ್ನಿಸುವುದೇನೆಂದರೆ, ಕುಡಿಯುವ ನೀರಿಲ್ಲದೆ ಬದುಕಲಾರದ ಕೈತೋಟವು ತಪ್ಪಾದ ಸ್ಥಳದಲ್ಲಿ ಇರಿಸಿದ ಕೈತೋಟ. ನಮ್ಮ ಹಳೆಯ ಮನೆಗಳಲ್ಲಿ ಬಚ್ಚಲ ನೀರು ಹರಿದು ಹೋಗುವ ದಾರಿಯಲ್ಲಿ ಬಾಳೆಯೂ ಕೆಸುವೂ ತಾವಾಗಿ ಕೊಬ್ಬಿ ನಿಂತಿರುತ್ತಿದ್ದವು. ಪತ್ರೊಡೆಯ ದಿನ ಮಾತ್ರ ಅವುಗಳ ನೆನಪಾಗುತ್ತಿತ್ತು. ಪರ್ಮಾಕಲ್ಚರಿನವರು ಇದನ್ನೇ ತಿದ್ದಿ, ಎರಡು ಮೀಟರ್ ಅಗಲ, ಒಂದು ಮೀಟರ್ ಆಳದ ಗುಂಡಿ ತೋಡಿ, ತೆಗೆದ ಮಣ್ಣನ್ನು ಸುತ್ತ ದಿಂಡಾಗಿ ಏರಿಸಿ, ಅದರ ಮೇಲೆ ಬಾಳೆಯನ್ನು ವರ್ತುಲವಾಗಿ ನೆಟ್ಟು, ಗುಂಡಿಯೊಳಗೆ ಒಣಕಸವನ್ನು ತುಂಬಿ, ಸ್ನಾನದ ನೀರನ್ನು ಅದಕ್ಕೆ ಬಿಡುತ್ತಾರೆ. ಕಸವು ಸ್ಪಂಜಿನಂತೆ ನೀರನ್ನು ಹೀರಿಕೊಂಡು ಕೊಳೆಯುತ್ತದೆ, ಬಾಳೆಯ ಬೇರುಗಳು ಅದರಿಂದ ಉಣ್ಣುತ್ತವೆ, ನೀರು ಮೇಲೆ ನಿಲ್ಲದಿರುವುದರಿಂದ ಸೊಳ್ಳೆಗೆ ಎಡೆಯಿಲ್ಲ. ಸೋಪಿನ ಪುಡಿಯ ಉಪ್ಪಿನಂಶವು ಮಣ್ಣಿಗೆ ಒಳ್ಳೆಯದಲ್ಲವಾದ ಕಾರಣ ಬಟ್ಟೆ ಒಗೆದ ಮೊದಲ ನೀರನ್ನು ಬಿಡದಿರುವುದೂ, ಹಸಿಯಾಗಿ ತಿನ್ನುವ ಸೊಪ್ಪಿಗೆ ಬಚ್ಚಲ ನೀರನ್ನು ಸೋಕಿಸದಿರುವುದೂ ಲೇಸು.

ಅಡಿಗೆಮನೆಯ ಹಸಿಕಸದ ವಿಚಾರವನ್ನು ಇಷ್ಟು ವಿಸ್ತರಿಸಬೇಕಾಗಿಲ್ಲ. ಕೊಟ್ಟಿಗೆಯಲ್ಲಿ ಕಂಡ ನ್ಯಾಯವೇ ಇಲ್ಲಿಯೂ. ಹಸಿಕಸ ಮಾತ್ರ ತುಂಬಿದ ಡಬ್ಬಿಯು ನಾರುತ್ತದೆ. ಒಂದು ಪದರ ಕಸಕ್ಕೆ ಒಂದು ಪದರ ಒಣಗಿದ ಎಲೆಯನ್ನು ಹಾಕಿ, ವಾರಕ್ಕೊಮ್ಮೆ ಕೆದಕಿ ಗಾಳಿಯಾಡಿಸಿದರೆ ನಾರುವುದಿಲ್ಲ. ವಿಚಿತ್ರವೆಂದರೆ, ಅದೇ ಬೀದಿಯಲ್ಲಿ ರಸ್ತೆಬದಿಯ ಮರಗಳ ತರಗೆಲೆಯನ್ನು ಬೆಳಗಿನ ಜಾವ ಗುಡಿಸಿ ಬೆಂಕಿ ಹಚ್ಚುತ್ತಾರೆ. ಆ ಹೊಗೆಯನ್ನು ಕುಡಿಯುತ್ತಲೇ ಗೃಹಸ್ಥನು ಅಂಗಡಿಗೆ ಹೋಗಿ ತೆಂಗಿನ ನಾರಿನ ಪುಡಿಯ ಇಟ್ಟಿಗೆಯನ್ನೂ, ಪ್ಲಾಸ್ಟಿಕ್ಕಿನ ಗಿಡದ ಚೀಲವನ್ನೂ, ಚೀಲದಲ್ಲಿ ತುಂಬಿದ ಎರೆಗೊಬ್ಬರವನ್ನೂ ಕೊಂಡು ತರುತ್ತಾನೆ. ಸುಸ್ಥಿರ ಜೀವನವೆಂಬುದು ಕೊಳ್ಳತಕ್ಕ ಸಾಮಗ್ರಿಗಳ ಪಟ್ಟಿಯಾಗಿ ಪರಿಣಮಿಸುತ್ತಿರುವುದನ್ನು ಕಂಡರೆ ನನಗೆ ಒಮ್ಮೊಮ್ಮೆ ನಗುವೂ ಬರುತ್ತದೆ. ಹೋಮ್‌ಗ್ರೆನ್ ೨೦೧೮ರಲ್ಲಿ ಪ್ರಕಟಿಸಿದ 'ರೆಟ್ರೊಸಬರ್ಬಿಯ' ಎಂಬ ದೊಡ್ಡ ಗ್ರಂಥದಲ್ಲಿ, ಹೊಸ ಹಸಿರು ಮನೆಗಳನ್ನು ಕಟ್ಟುವುದಕ್ಕಿಂತ ಇರುವ ಮನೆಗಳನ್ನೇ ತಿದ್ದಿಕೊಂಡು, ಅವುಗಳಲ್ಲಿ ಹೆಚ್ಚು ಜನ ಕೂಡಿ ಬಾಳುವುದು ಮೇಲೆಂದು ವಾದಿಸಿರುವುದು ಈ ಸಂದರ್ಭದಲ್ಲಿ ಗಮನಾರ್ಹ.

ಕೊಳ್ಳುವುದಕ್ಕೆ ಬದಲಾಗಿ ದುಡಿಮೆಯನ್ನೇ ನಂಬಿದ ಒಬ್ಬ ಮನುಷ್ಯನ ಹಟ ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ ಬಂಟ್ವಾಳ ತಾಲ್ಲೂಕು ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರು ನಿದರ್ಶನ. ತೋಟಗಳಲ್ಲಿ ಕೂಲಿ ಮಾಡುತ್ತಿದ್ದ ಅವರಿಗೆ ದೊರೆತ ಗುಡ್ಡದ ಮೇಲಿನ ಸುಮಾರು ಎರಡು ಎಕರೆ ನೆಲದಲ್ಲಿ ಹನಿ ನೀರಿರಲಿಲ್ಲ. ಕೂಲಿ ಮುಗಿಸಿ ಬಂದ ಮೇಲೆ ಗುಡ್ಡದೊಳಕ್ಕೆ ಅಡ್ಡಲಾಗಿ ಸುರಂಗ ಕೊರೆಯಲಾರಂಭಿಸಿ, ಐದು ಸುರಂಗಗಳು ವ್ಯರ್ಥವಾದರೂ ಬಿಡದೆ, ಆರನೆಯದರಲ್ಲಿ ನೀರನ್ನು ಕಂಡು, ಪಂಪಿನ ಹಂಗಿಲ್ಲದೆ ಇಳಿಜಾರಿನಲ್ಲಿಯೇ ಅದನ್ನು ಹರಿಸಿ, ಅಡಿಕೆ ತೆಂಗುಗಳನ್ನು ಬೆಳೆಸಿದರು. ೨೦೨೨ರಲ್ಲಿ ಪದ್ಮಶ್ರೀ ಪ್ರಶಸ್ತಿಯು ಅವರನ್ನು ಅರಸಿ ಬಂದಿತು. ಆದರೆ ಎಲ್ಲರಿಂದಲೂ ಇಂತಹ ತಪಸ್ಸನ್ನು ನಿರೀಕ್ಷಿಸುವುದು ಸಲ್ಲದು. ಸಾಧಾರಣರು ನೆರೆಯವರೊಡನೆ ಕೂಡಿ ಮಾಡಬಹುದಾದ ಕಾರ್ಯಗಳೇ ಊರನ್ನು ಉಳಿಸತಕ್ಕವು.

ಅಂತಹ ಕಾರ್ಯಗಳಲ್ಲಿ ಕಾಸರಗೋಡು, ದಕ್ಷಿಣ ಕನ್ನಡ ಸೀಮೆಯ 'ಕಟ್ಟ'ಗಳನ್ನು ನೆನೆಯಬೇಕು. ಮಳೆ ನಿಂತು ತೋಡಿನ, ಅಂದರೆ ಹಳ್ಳದ, ಹರಿವು ತಗ್ಗಿದ ಮೇಲೆ, ಸುಗ್ಗಿಯ ಮುಂಚಿನ ಚಳಿಗಾಲದಲ್ಲಿ, ತೋಡಿನ ಇಕ್ಕೆಲದ ಮನೆಯವರು ಕೂಡಿ ಕಲ್ಲು ಮಣ್ಣುಗಳಿಂದ ಅಡ್ಡಲಾಗಿ ಒಡ್ಡು ಹಾಕುತ್ತಾರೆ. ಒಂದೇ ತೋಡಿಗೆ ಒಂದರ ಮೇಲೊಂದರಂತೆ ಕಟ್ಟಗಳ ಸರಣಿಯೇ ಇರುವುದುಂಟು. ಕಾಸರಗೋಡಿನ ಏತಡ್ಕದ ಸರಣಿಯು ಜಲಲೇಖಕ ಶ್ರೀ ಪಡ್ರೆಯವರ ಬರಹಗಳಿಂದ ದೂರದವರಿಗೂ ಪರಿಚಿತವಾಗಿದೆ. ನಿಂತ ನೀರು ತೋಟಕ್ಕೆ ಒದಗುವುದಷ್ಟೇ ಅಲ್ಲದೆ, ಎರಡೂ ದಡಗಳ ನೆಲದೊಳಕ್ಕೆ ಇಂಗಿ, ಕಟ್ಟಕ್ಕೆ ಒಂದು ಬುಟ್ಟಿ ಮಣ್ಣನ್ನೂ ಹಾಕದವನ ಬಾವಿಯನ್ನೂ ತುಂಬುತ್ತದೆ. ಮುಂಗಾರು ಬಂದಾಗ ಒಡ್ಡು ಕೊಚ್ಚಿಹೋಗುತ್ತದೆ. ಮುಂದಿನ ವರ್ಷ ಪುನಃ ಕಟ್ಟಬೇಕು. ಮನೆಮನೆಗೆ ಕೊಳವೆಬಾವಿ ಬಂದ ಮೇಲೆ, ಗುಂಡಿಯನ್ನೊತ್ತಿ ನೀರು ಪಡೆಯಬಲ್ಲವನಿಗೆ ನೆರೆಯವನ ಹಂಗು ತಪ್ಪಿ, ಕಟ್ಟಗಳು ಒಂದೊಂದಾಗಿ ನಿಂತುಹೋದವು. ಕೊಳವೆಬಾವಿಗಳು ಬತ್ತತೊಡಗಿದ ಮೇಲೆ ಕೆಲವೆಡೆ ಮತ್ತೆ ಎದ್ದಿವೆ, ಈಗ ಮಣ್ಣಿಗೆ ಬದಲಾಗಿ ಪ್ಲಾಸ್ಟಿಕ್ ಹಾಳೆ, ಮರಳಿನ ಚೀಲಗಳಿಂದ. ವರ್ಷ ವರ್ಷವೂ ಕಟ್ಟುವ ಶ್ರಮ ತಪ್ಪಲೆಂದು ಸರಕಾರವು ಕಾಂಕ್ರೀಟಿನ ಕಿಂಡಿ ಅಣೆಕಟ್ಟುಗಳನ್ನು ಕಟ್ಟಿಸಿಕೊಟ್ಟಿರುವುದು ಉಚಿತವೇ ಆಗಿದೆ. ಆದರೆ ಮಳೆಗಾಲ ಮುಗಿದೊಡನೆ ಅದರ ಕಿಂಡಿಗಳಿಗೆ ಹಲಗೆಗಳನ್ನು ಇಳಿಸಿ, ಸಂದಿಗೆ ಮಣ್ಣು ಮೆತ್ತಿ, ಮುಂದಿನ ಮುಂಗಾರಿಗೆ ಮುಂಚೆ ತಪ್ಪದೆ ಎತ್ತಿ ಮಾಡಿನಡಿ ಜೋಪಾನವಾಗಿಡುವ ಕೆಲಸವು ಹಿಂದಿನಂತೆಯೇ ಇಕ್ಕೆಲದ ಮನೆಯವರದು. ಅದಕ್ಕೆ ಜನ ಕೂಡಿದ ಊರಿನಲ್ಲಿ ನೀರು ನಿಲ್ಲುತ್ತದೆ, ಕೂಡದ ಊರಿನಲ್ಲಿ ಕಂಬಗಳ ನಡುವೆ ಹರಿದುಹೋಗುತ್ತದೆ.